ತದಡಿಯ ದೋಣಿ

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯಲ್ಲಿ ಒಂದು ಮಾತು ರೂಢಿಯಲ್ಲಿತ್ತು. ಹೇಳಿದ ಹೊತ್ತಿಗೆ ಬಾರದೆ ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಹೊಸ್ತಿಲು ದಾಟಿದರೆ, ಒಳಗಿನಿಂದ ಒಬ್ಬರಲ್ಲ ಒಬ್ಬರು “ಏನು, ತದಡಿ ದೋಣಿ ತಪ್ಪಿತಾ?” ಎಂದು ಕೇಳಿಯೇ ಕೇಳುತ್ತಿದ್ದರು. ಹಾಲಿನವನು ತಡವಾದರೂ ಅದೇ ಮಾತು, ಕೆ.ಆರ್. ಪೇಟೆಗೆ ಹೋದ ನಮ್ಮ ಯಜಮಾನರು ಸಂಜೆ ಬಸ್ಸು ತಪ್ಪಿಸಿಕೊಂಡು ಬಂದರೂ ಅದೇ ಮಾತು. ಒಂದು ದಿನ ಕುಕ್ಕರ್ ಕೂಗುವುದು ತಡವಾಯಿತೆಂದು ನನ್ನ ಸೊಸೆ ಅದನ್ನೂ ಹಾಗೆಯೇ ವಿಚಾರಿಸಿದ್ದುಂಟು!

ತದಡಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೊಮ್ಮಗನಿಗಂತೂ ಅದು ಊರೋ, ದೇವರೋ, ತಿಂಡಿಯೋ ತಿಳಿಯದು. ನನಗೂ, ನಿಜ ಹೇಳಬೇಕೆಂದರೆ, ಗೊತ್ತಿದ್ದದ್ದು ಇಷ್ಟೇ: ಅದು ಸಮುದ್ರದ ಕಡೆಯ ಒಂದು ಬಂದರು, ನಮ್ಮ ಅಕ್ಕ ತವರಿಗೆ ಬರುವಾಗ ಅಲ್ಲಿ ದೋಣಿ ಹತ್ತುತ್ತಾಳೆ.

“ಉಪ್ಪಿನಕಾಯಿ, ತೊಕ್ಕು ಎಂದು ಬರೆಯುತ್ತೀರಿ, ಎಲ್ಲಿಗಾದರೂ ಪ್ರವಾಸ ಹೋದದ್ದರ ಬಗ್ಗೆ ಯಾಕೆ ಬರೆಯುವುದಿಲ್ಲ?” ಎಂದು ಓದುಗ ಸೋದರಿಯೊಬ್ಬರು ಕೇಳಿದ್ದಾರೆ. ಏನು ಬರೆಯಲಿ ತಾಯಿ? ಹೊಸಹೊಳಲಿನವಳಾದ ನನ್ನ ಪ್ರವಾಸವೆಂದರೆ ಮದುವೆ, ನಾಮಕರಣ, ಆಸ್ಪತ್ರೆ. ಆದರೂ ಹೋದ ಡಿಸೆಂಬರಿನಲ್ಲಿ ತದಡಿಯಲ್ಲಿ ಒಂದು ಗಂಟೆ ಕೂತು ಬಂದೆ. ಅದು ಪ್ರವಾಸವೋ ಅಲ್ಲವೋ ನೀವೇ ಹೇಳಿ.

ಮೊದಲು ಅಕ್ಕನ ವಿಷಯ. 1970ರ ಆಚೀಚೆ ನಮ್ಮ ಕಡೆಯ ಶಾಲೆಗೆ ಉತ್ತರ ಕನ್ನಡದಿಂದ ಒಬ್ಬ ಮೇಷ್ಟ್ರು ಬಂದರು. ನಮ್ಮ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಬೆಳ್ಳಗೆ, ತೆಳ್ಳಗೆ, ಮಾತು ಮೆತ್ತಗೆ. ಒಂಟಿ ಗಂಡಸು ಏನು ಬೇಯಿಸಿಕೊಂಡಾನು ಎಂದು ಅವ್ವ ಮುದ್ದೆ, ಉಪ್ಪೆಸರು ಕಳಿಸಿದರೆ ಪುಣ್ಯಾತ್ಮ ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು! ಅದನ್ನು ನೋಡಲು ಬೀದಿಯ ಮಕ್ಕಳೆಲ್ಲ ಕಿಟಕಿಗೆ ನೇತುಬೀಳುತ್ತಿದ್ದೆವು. ತಟ್ಟೆ ಕೊಡಲು, ತಟ್ಟೆ ತರಲು ಎಂದು ಓಡಾಡುತ್ತಿದ್ದವಳು ಅಕ್ಕ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಅಷ್ಟು ದೂರಕ್ಕೆ ಹೆಣ್ಣು ಕೊಡ್ತಾರಾ?” ಎಂದು ನೆಂಟರೆಲ್ಲ ಹಾರಾಡಿದರು. ಅಪ್ಪ ಒಂದು ವಾರ ಮಾತು ಬಿಟ್ಟಿದ್ದು ಕೊನೆಗೆ ಒಪ್ಪಿಕೊಂಡರು. 1974ರಲ್ಲಿ ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನದ ಮುಂದೆಯೇ ಚಪ್ಪರ ಹಾಕಿ ಮದುವೆಯಾಯಿತು. ಎರಡು ವರ್ಷಕ್ಕೆ ಭಾವನಿಗೆ ಅವರ ಸೀಮೆಗೇ ವರ್ಗವಾಗಿ, ಅಕ್ಕ ಗೋಕರ್ಣದ ಹತ್ತಿರ, ಸಾಣಿಕಟ್ಟೆಯ ಪಕ್ಕದ ಹಳ್ಳಿಗೆ ಹೋದಳು. ನಮ್ಮಲ್ಲಿ ಮೇಷ್ಟ್ರ ಹೆಂಡತಿಯಾಗಿದ್ದವಳು ಅಲ್ಲಿ ಮಾಸ್ತರ ಹೆಂಡತಿಯಾದಳು.

ವರ್ಷಕ್ಕೊಮ್ಮೆ ಬರುತ್ತಿದ್ದಳು. ಬೇಸಿಗೆಯಲ್ಲಿ ಬಂದರೆ ಹೆಂಗಸರ ಜಡೆಯಂತೆ ಹೆಣೆದ ಕುಮಟೆಯ ಸಿಹಿ ಈರುಳ್ಳಿ ಗೊಂಚಲು, ಸಾರಿಗೆ ಮುರುಗಲ ಸಿಪ್ಪೆ, ಸಾಣಿಕಟ್ಟೆಯ ಕಲ್ಲುಪ್ಪು, ಡಬ್ಬಿಯಲ್ಲಿ ಜೋನಿಬೆಲ್ಲ. ಚೀಲದೊಳಗಿನ ಸೀರೆಗೂ ಒಣಮೀನಿನ ವಾಸನೆ ಎಂದು ನಾವು ಮೂಗು ಮುಚ್ಚಿ ನಗುತ್ತಿದ್ದೆವು. ಬಂದ ದಾರಿಯನ್ನು ಅವಳು ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದಳು: ಮನೆಯಿಂದ ತದಡಿ, ತದಡಿಯಿಂದ ದೋಣಿಯಲ್ಲಿ ಅಘನಾಶಿನಿ, ಅಲ್ಲಿಂದ ಕುಮಟೆ, ಹೊನ್ನಾವರ, ಸಾಗರ, ಶಿವಮೊಗ್ಗ. ನಾವು ಕೇಳುತ್ತಿದ್ದದ್ದು ಚೀಲದಲ್ಲಿ ಏನಿದೆ ಎಂದು. ದಾರಿಯನ್ನು ಯಾರೂ ಕೇಳಿದವರಲ್ಲ. ಹಿಂದಿರುಗುವಾಗ ಮಾತ್ರ ಅವಳು ಹತ್ತು ಸೇರು ರಾಗಿ ಹಿಟ್ಟು ಕಟ್ಟಿಸಿಕೊಂಡು ಹೋಗುವಳು. “ಆ ಊರಲ್ಲಿ ಯಾರು ಮುದ್ದೆ ತಿಂತಾರಂತೆ? ಭಾವ ಇವತ್ತಿಗೂ ಅಗಿಯೋ ಗಿರಾಕಿ” ಎಂದು ನಮ್ಮ ಅತ್ತಿಗೆ ಗೊಣಗುತ್ತಿದ್ದಳು. ನಾನೂ ದನಿಗೂಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

1987ರ ಆಷಾಢದಲ್ಲಿ ಅವ್ವ ತೀರಿಕೊಂಡಳು, ಮಂಗಳವಾರ ಬೆಳಗಿನ ಜಾವ. ಅಣ್ಣ ಸೈಕಲ್ ಹತ್ತಿ ಪೇಟೆಗೆ ಹೋಗಿ ಅಕ್ಕನಿಗೆ ತಂತಿ ಕೊಟ್ಟು ಬಂದ. (2013ರ ಜುಲೈಯಲ್ಲಿ ಆ ತಂತಿ ಸೇವೆಯೇ ನಿಂತುಹೋಯಿತು. ಈಗಿನ ಮಕ್ಕಳಿಗೆ ತಂತಿಯೆಂದರೆ ಬಟ್ಟೆ ಒಣಹಾಕುವುದು ಮಾತ್ರ.) ಆ ದಿನವೆಲ್ಲ ಕಾದೆವು. ರಾತ್ರಿ ಹೊರಟರೂ ನಾಳೆ ಮಧ್ಯಾಹ್ನಕ್ಕೆ ಬರುತ್ತಾಳೆ ಎಂದು ಬುಧವಾರವೂ ಕಾದೆವು. ಇನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಹಿರಿಯರು ಹೇಳಿದ ಮೇಲೆ ಮೂರು ಗಂಟೆಗೆ ಎತ್ತಿದರು. ಅಕ್ಕ ಬಂದದ್ದು ರಾತ್ರಿ ಹನ್ನೊಂದಕ್ಕೆ, ಒಬ್ಬಳೇ, ಸೀರೆಯ ಅಂಚೆಲ್ಲ ಕೆಸರು. ಬಾಗಿಲಲ್ಲಿ ನಿಂತಿದ್ದವಳು ನಾನು. ಅತ್ತೂ ಅತ್ತೂ ತಲೆ ಸಿಡಿಯುತ್ತಿತ್ತು, ಹೌದು. ಆದರೂ ಆಡಿದ ಮಾತು ಆಡಿದ್ದೇ.

“ಬೇಗ ಬಂದೆಯಲ್ಲ ಅಕ್ಕ, ತಿಥಿಗೆ ಇನ್ನೂ ದಿನ ಇದೆ” ಎಂದೆ.

ಅವಳು ಚೀಲ ಕೆಳಗಿಟ್ಟು, “ತದಡಿಯಲ್ಲಿ ದೋಣಿ ತಪ್ಪಿತು” ಎಂದಳು. ಬೇರೆ ಏನೂ ಹೇಳಲಿಲ್ಲ. “ಹೆತ್ತವಳ ಮುಖ ನೋಡೋಕೆ ಬರದೇ ಇದ್ದೋರಿಗೆ ದೋಣಿ ಒಂದು ನೆವ” ಎಂದು ಸೋದರತ್ತೆ ಒಳಗಿನಿಂದ ಕೇಳುವಂತೆಯೇ ಅಂದರು. ಆ ಮಾತು ಮೊದಮೊದಲು ಕುಟುಕುವುದಕ್ಕೆ ಬಳಕೆಯಾಯಿತು. ವರ್ಷ ಕಳೆದಂತೆ ಮೊನೆ ಸವೆದು ತಮಾಷೆಯಾಯಿತು. ಅಕ್ಕನ ಎದುರಿಗೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಭಾವ ಹೋಗಿ ಒಂದು ವರ್ಷವಾಯಿತೆಂದು ಹೋದ ಡಿಸೆಂಬರಿನಲ್ಲಿ ವರ್ಷದ ಕಾರ್ಯಕ್ಕೆ ಹೊರಟೆ. ನಮ್ಮ ಯಜಮಾನರಿಗೆ ಮಂಡಿನೋವು, ಹಾಗಾಗಿ ಒಬ್ಬಳೇ. ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಹಾಸನ, ಹಾಸನದಲ್ಲಿ ರಾತ್ರಿ ಕಾರವಾರದ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಗೋಕರ್ಣ ರೋಡ್. ಎಷ್ಟು ಸಲೀಸು! ಕೊಂಕಣ ರೈಲು ಪೂರ್ತಿ ಓಡಾಡಲು ಶುರುವಾದದ್ದು 1998ರಲ್ಲಿ. ಅವ್ವ ಹೋದಾಗ ಅದು ಕಾಗದದ ಮೇಲಷ್ಟೇ ಇದ್ದಿರಬೇಕು. ನಾನು ಈ ಹಿಂದೆ ಅಕ್ಕನ ಮನೆಗೆ ಹೋದದ್ದು ಒಂದೇ ಸಲ, 1979ರಲ್ಲಿ ಅವಳ ಮಗಳ ಹೆಸರಿಡುವುದಕ್ಕೆ. ಅಪ್ಪನ ಜೊತೆ ಬಸ್ಸಿನಲ್ಲಿ ರಸ್ತೆ ಸುತ್ತಿ ಹೋಗಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಅಕ್ಕನ ಮನೆಯ ಊಟದ ಬಗ್ಗೆ ಹೇಳದೆ ಮುಂದೆ ಹೋದರೆ ಈ ಪುಟದವರು ನನ್ನನ್ನು ಕ್ಷಮಿಸಲಾರರು. ಅಲ್ಲಿ ಹೊಳೆಯ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಸುತ್ತ ಕಟ್ಟೆ ಹಾಕಿ, ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ ತಳಿ ಅದು, ಗೊಬ್ಬರವನ್ನೂ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟರೆ ಸಿಗಡಿ, ಮೀನು. ನಮ್ಮ ನಾಲೆಯ ಬಯಲಿನಲ್ಲಿ ಗದ್ದೆಗೆ ಉಪ್ಪು ಹತ್ತಿತೆಂದರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ, ಅಲ್ಲಿ ಉಪ್ಪಿನಲ್ಲೇ ಅನ್ನ ಬೆಳೆಯುತ್ತದೆ! ಅಕ್ಕಿ ಕೆಂಪಗೆ, ದಪ್ಪಗಿರುತ್ತದೆ. ಅಕ್ಕ ಅದನ್ನು ಮೆತ್ತಗೆ ಗಂಜಿ ಬೇಯಿಸಿ, ತೆಂಗಿನಕಾಯಿ ಹಾಲು ಒಂದು ಸೌಟು ಬಿಟ್ಟು, ಮಾವಿನ ಮಿಡಿ ಉಪ್ಪಿನಕಾಯಿ ನೆಂಚಿಕೊಳ್ಳಲು ಕೊಟ್ಟಳು. ಮೂರು ದಿನವೂ ಬೆಳಿಗ್ಗೆ ಅದನ್ನೇ ಕೇಳಿ ಉಂಡೆ. ಕಾಯಿಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ. ನಮ್ಮ ಕಡೆ ಕಗ್ಗ ಸಿಗದು, ಕೆಂಪಕ್ಕಿಯಲ್ಲಿ ಮಾಡಿ ನೋಡಿ.

ಕಾರ್ಯ ಮುಗಿಯಿತು. ಹಿಂದಿರುಗುವಾಗ ಒಂದು ರಾತ್ರಿ ಕುಮಟೆಯಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದು ರೈಲು ಹತ್ತುವುದೆಂದು ತೀರ್ಮಾನ. ಆಟೋದಲ್ಲಿ ನೇರ ಕುಮಟೆಗೆ ಹೋಗುತ್ತೇನೆ ಎಂದೆ. ಅಕ್ಕ, “ರಸ್ತೆಯಲ್ಲಿ ಮಿರ್ಜಾನ್ ಮೇಲೆ ಸುತ್ತಿ ಯಾಕೆ ಹೋಗ್ತೀಯೆ? ತದಡೀಲಿ ದೋಣಿ ದಾಟು, ಆ ಕಡೆ ಬಸ್ಸು ನಿಂತಿರುತ್ತೆ. ನಾನೇ ಬಂದು ಹತ್ತಿಸ್ತೀನಿ” ಎಂದಳು. ಅವಳ ಬಾಯಲ್ಲಿ ಆ ಊರಿನ ಹೆಸರು ಕೇಳಿ ನನಗೆ ಎದೆಯೊಳಗೆ ಏನೋ ಚುಚ್ಚಿದಂತಾಯಿತು, ಆದರೆ ನಗು ಬಂದದ್ದೂ ನಿಜ. ಹೊರಡುವಾಗ ಅವಳು ಒಂದು ಬಟ್ಟೆಚೀಲವನ್ನು ಎತ್ತಿಕೊಂಡಳು. ಮಗಳಿಗೆ ಕೊಡಲು ಇರಬೇಕು ಎಂದು ನಾನು ಕೇಳಲಿಲ್ಲ.

ಬಂದರು ಎಂದರೆ ನಮ್ಮಂಥ ಬಯಲುಸೀಮೆಯವರ ಕಣ್ಣಿಗೆ ಬರುವುದು ಶಾಲೆಯ ಪುಸ್ತಕದ ಮಂಗಳೂರು, ಮುಂಬಯಿ: ಗುಡ್ಡದಂಥ ಹಡಗು, ಆಕಾಶಕ್ಕೆ ಕೈ ಚಾಚಿದ ಕ್ರೇನು. ತದಡಿ ಹಾಗೆ ಏನೂ ಇಲ್ಲ. ಒಂದು ರಸ್ತೆ, ಎರಡು ಬದಿ ಹಂಚಿನ ಮನೆ, ಒಂದು ಚಹಾದಂಗಡಿ, ಬಲೆ ಹರಡಿಕೊಂಡು ತೂತು ಹೊಲಿಯುತ್ತಿರುವ ನಾಲ್ಕು ಗಂಡಸರು. ನೀಲಿ, ಹಸಿರು, ಕೆಂಪು ಬಣ್ಣ ಬಳಿದ ಮೀನುದೋಣಿಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಐಸಿನ ನೀರು ರಸ್ತೆಗೆಲ್ಲ ಹರಿದಿತ್ತು. ಬೆಕ್ಕುಗಳು ಮಾತ್ರ ನಮ್ಮೂರ ಸಾಹುಕಾರರಂತೆ ದಪ್ಪಗಿದ್ದವು! ನೋಡಲು ಏನಿದೆ ಇಲ್ಲಿ ಎಂದುಕೊಂಡೆ.

ಹಾಗೆ ಅಂದುಕೊಂಡವಳಿಗೇ ನಗು ಬಂತು. ನಮ್ಮ ಹೊಸಹೊಳಲಿಗೆ ಬರುವವರೂ ಇದನ್ನೇ ಅಲ್ಲವೇ ಅಂದುಕೊಳ್ಳುವುದು? ಹೊಯ್ಸಳ ವೀರ ಸೋಮೇಶ್ವರನ ಕಾಲದ, ಸುಮಾರು 1250ರ ದೇವಸ್ಥಾನ ನಮ್ಮದು. ಮೂರು ಗರ್ಭಗುಡಿ, ಗೋಡೆಯ ಕೆಳಗೆ ಸುತ್ತಲೂ ರಾಮಾಯಣ, ಮಹಾಭಾರತದ ಸಾಲು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದವು, ನಮ್ಮದು ಸೇರಲಿಲ್ಲ. ಬಂದವರು ಚಪ್ಪಲಿ ಬಿಟ್ಟು ಮತ್ತೆ ಹಾಕಿಕೊಳ್ಳುವುದರೊಳಗೆ ಗುಡಿ ನೋಡಿ ಮುಗಿಸಿ, “ಊರಲ್ಲಿ ಇನ್ನೇನಿದೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾರು ಹತ್ತುತ್ತಾರೆ. ಊರಲ್ಲಿ ನಾವಿದ್ದೇವೆ ಸ್ವಾಮಿ ಎಂದು ಎಷ್ಟೋ ಸಲ ಹೇಳಬೇಕೆನಿಸಿದೆ.

ದೋಣಿಕಟ್ಟೆಗೆ ಹೋಗುವಷ್ಟರಲ್ಲಿ ದೋಣಿ ಹತ್ತು ಮಾರು ದೂರ ಹೋಗಿಬಿಟ್ಟಿತ್ತು! ಅದರಲ್ಲಿ ಜನರ ಜೊತೆ ಎರಡು ಮೋಟಾರು ಬೈಕುಗಳೂ ನಿಂತಿದ್ದವು, ಅವಕ್ಕೂ ಟಿಕೆಟ್ಟಂತೆ. “ಈಗಷ್ಟೇ ಹೋಯ್ತಲ್ಲ, ಇನ್ನೊಂದು ತಾಸು ಕೂತ್ಕೊಳ್ಳಿ” ಎಂದ ಕಟ್ಟೆಯ ಮೇಲಿದ್ದ ಹುಡುಗ. ತಾಸು ಎಂದರೆ ನಮ್ಮ ಗಂಟೆ.

ಕೂತೆವು. ಎದುರಿಗೆ ಅಘನಾಶಿನಿ ಹೊಳೆ, ಆಚೆ ದಡದಲ್ಲಿ ಅದೇ ಹೆಸರಿನ ಊರು. ಎಡಗಡೆ ಗುಡ್ಡಗಳ ನಡುವಿನಿಂದ ಹೊಳೆ ಬರುತ್ತದೆ, ಬಲಗಡೆ ಬಾಯಿ ತೆರೆದುಕೊಂಡು ಸಮುದ್ರಕ್ಕೆ ಸೇರುತ್ತದೆ. ಸೇರುತ್ತದೆ ಎನ್ನುವುದಕ್ಕಿಂತ, ಎರಡೂ ದಿನಕ್ಕೆರಡು ಸಲ ಹೋಗಿ ಬಂದು ಮಾಡುತ್ತವೆ. ಭರತ ಬಂದಾಗ ಸಮುದ್ರವೇ ಹೊಳೆಯೊಳಗೆ ಏರಿಬರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ನಾವು ಹೋದದ್ದು ಇಳಿತದ ಹೊತ್ತು. ದೂರದಲ್ಲಿ ಹೆಂಗಸರು, ಗಂಡಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದರು. ಬಳಚು ಎಂದರೆ ಚಿಪ್ಪಿನೊಳಗಿರುತ್ತದಲ್ಲ, ಆ ಮೀನು. ಹೆಕ್ಕಿದ್ದನ್ನು ಮನೆಗೂ ಬೇಯಿಸುತ್ತಾರೆ, ಮಾರುತ್ತಾರೆ. ಬಂಡವಾಳ ಬೇಡದ ದುಡಿಮೆ, ಸೊಂಟ ಮಾತ್ರ ಗಟ್ಟಿ ಇರಬೇಕು.

ನಮ್ಮ ಕಡೆ ಹೊಳೆಯೆಂದರೆ ಕಟ್ಟೆ, ತೂಬು, ನಾಲೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ನಮ್ಮ ಅನ್ನ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೇಲಿಂದ ಕೆಳಗಿನವರೆಗೆ ಒಂದೂ ಅಣೆಕಟ್ಟಿಲ್ಲದ ಹೊಳೆಯನ್ನು ನಾನು ನೋಡಿದ್ದು ಅಂದೇ. ನಮ್ಮ ತಾಲ್ಲೂಕಿನಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಕಡೆ ಅಂಬಿಗರಹಳ್ಳಿ ಎಂದೇ ಒಂದು ಊರಿದೆ. ದಾಟುವುದೆಂದರೆ ನಮಗೆ ಹರ‍ಿಗೋಲು, ಬುಟ್ಟಿಯಂತೆ ಗಿರಗಿರ ತಿರುಗುವುದು. ಹುಟ್ಟು ಹಾಕುವವನು ಪರಿಚಿತ, ಕೂಗಿದರೆ ಬರುತ್ತಾನೆ. ‘ದೋಣಿ ತಪ್ಪುವುದು’ ನಮ್ಮ ಅನುಭವದಲ್ಲೇ ಇಲ್ಲದ ಮಾತು.

ಇದೇ ಹೊಳೆಯ ಮೇಲ್ಗಡೆ ಮಿರ್ಜಾನ್ ಕೋಟೆಯಿದೆ. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಲಿದ್ದದ್ದು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಈ ಹೊಳೆಬಾಯಿಯಿಂದಲೂ ಕಡಲಿಗೆ ಇಳಿಯುತ್ತಿತ್ತು. ಅಷ್ಟು ವ್ಯಾಪಾರ ಎದುರಿನಿಂದಲೇ ಹೋದರೂ ತದಡಿ ದೊಡ್ಡ ಊರಾಗಲಿಲ್ಲ, ನೋಡಿ. ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಯೋಜನೆ ಬಂತಂತೆ. ಊರಿನವರು ಬೇಡವೆಂದು ಎದ್ದು ನಿಂತರು, ಅದು ಆಗಲಿಲ್ಲ. 2024ರ ಜನವರಿಯಲ್ಲಿ ಈ ಹೊಳೆಬಾಯಿಗೆ ರಾಮ್ಸರ್ ತಾಣವೆಂಬ ಹೆಸರು ಬಂತು. ಇರಾನಿನ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಿ ಜೌಗು ಪ್ರದೇಶಗಳನ್ನು ಕಾಪಾಡಲು ದೇಶದೇಶದವರು ಕೂಡಿ ಮಾಡಿಕೊಂಡ ಒಪ್ಪಂದವಂತೆ ಅದು. ಇದನ್ನೆಲ್ಲ ಹೇಳಿದವಳು ಅಕ್ಕನ ಮಗಳು, ಅವಳೂ ಅಪ್ಪನಂತೆ ಮೇಷ್ಟ್ರು. ಅಕ್ಕನಿಗೆ ರಾಮ್ಸರ್ ಗೊತ್ತಿಲ್ಲ. “ಬಳಚು ಹೆಕ್ಕೋರಿಗೆ ತೊಂದ್ರೆ ಆಗದಿದ್ರೆ ಸಾಕು” ಎಂದಳು.

ಅಷ್ಟರಲ್ಲಿ ನನ್ನ ಫೋನು ಹಾಡಿತು. ಮೊಮ್ಮಗ. ನನಗೆ ಕಿವಿ ಸ್ವಲ್ಪ ಮಂದ, ಫೋನಿನ ದನಿ ಊರಿಗೆಲ್ಲ ಕೇಳುವಂತೆ ಜೋರಾಗಿ ಇಟ್ಟುಕೊಂಡಿರುತ್ತೇನೆ.

“ಅಜ್ಜಿ, ಎಲ್ಲಿದ್ದೀಯ? ಕುಮಟಾ ಬಂತಾ?”

“ಇಲ್ಲ ಮಗ, ದೋಣಿ ಹೊರಟೋಯ್ತು, ಕಾಯ್ತಾ ಇದೀವಿ.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗೆಯ ಬುಗ್ಗೆ. “ಅಮ್ಮಾ! ಅಜ್ಜಿಗೆ ನಿಜವಾಗ್ಲೂ ತದಡಿ ದೋಣಿ ತಪ್ಪೋಯ್ತಂತೆ!” ಸೊಸೆಯೂ ನಕ್ಕಳು, ಹಿಂದಿನಿಂದ ನಮ್ಮ ಯಜಮಾನರು ನಕ್ಕದ್ದೂ ಕೇಳಿಸಿತು. ನಾನು ಗಡಬಡಿಸಿ ಫೋನು ಆರಿಸಿದೆ.

ಅಕ್ಕ ನೀರನ್ನೇ ನೋಡುತ್ತಿದ್ದಳು. “ಏನಂದ ಮಗು?” ಎಂದಳು.

ಮುಚ್ಚಿಡಲು ಏನಿತ್ತು? ಹೇಳಿದೆ. ಮೂವತ್ತೆಂಟು ವರ್ಷದಿಂದ ನಮ್ಮ ಮನೆಯಲ್ಲಿ ಹೀಗೊಂದು ಗಾದೆಯಿದೆ, ಹಾಲಿನವನಿಗೂ ಕುಕ್ಕರಿಗೂ ಅದೇ ಗಾದೆ ಎಂದು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳದಷ್ಟು ಸಣ್ಣಗಾಯಿತು. ಅಕ್ಕ ಸಿಟ್ಟಾಗಲಿಲ್ಲ. ಕುಕ್ಕರಿನ ಮಾತಿಗೆ ತುಟಿಯಂಚಿನಲ್ಲಿ ನಕ್ಕಳು ಕೂಡ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಶುರುಮಾಡಿದಳು.

“ತಂತಿ ನನ್ನ ಕೈಗೆ ಸಿಕ್ಕಿದ್ದು ಸಂಜೆ ಐದೂವರೆಗೆ ಕಣೆ. ಗೋಕರ್ಣದ ಅಂಚೆಯವನು ಮಳೇಲಿ ಸೈಕಲ್ ತಳ್ಳಿಕೊಂಡು ಬಂದಿದ್ದ. ನಿಮ್ಮ ಭಾವ ತರಬೇತಿ ಅಂತ ಕಾರವಾರಕ್ಕೆ ಹೋಗಿದ್ರು. ಸಂಜೆ ಬಸ್ಸು ಹೋಗಿಯಾಗಿತ್ತು. ಕುಮಟೆಗೆ ಸೇರಿಬಿಟ್ರೆ ರಾತ್ರಿ ಬಸ್ಸಿದೆ, ನಾಳೆ ಮಧ್ಯಾಹ್ನಕ್ಕೆ ಅವ್ವನ ಹತ್ರ ಇರ್ತೀನಿ ಅಂತ ಲೆಕ್ಕ ಹಾಕ್ದೆ. ಮಗೂನ ಅತ್ತೆ ಹತ್ರ ಬಿಟ್ಟು ಓಡ್ಕೊಂಡೇ ಬಂದೆ. ಬಂದು ನೋಡಿದ್ರೆ ದೋಣಿ ಕಟ್ಟಿಹಾಕಿದ್ರು. ಗಾಳಿ ಹಂಗಿತ್ತು. ಆ ಹೊಳೆಬಾಯಿ ನೋಡು, ಈಗ ಹೆಂಗೆ ಮಲಗಿದೆ. ಆಷಾಢದಲ್ಲಿ ನೋಡಬೇಕು ಅದನ್ನ.”

ನಾನು ನೋಡಿದೆ. ಎಣ್ಣೆ ಸುರಿದಂತೆ ಸುಮ್ಮನೆ ಇತ್ತು.

“ದೋಣಿಯವನ ಕಾಲು ಹಿಡಿದೆ. ಬಳೆ ಬಿಚ್ಚಿ ಕೊಡ್ತೀನಿ ಅಂದೆ. ‘ಬಳೆ ಬೇಡ ಅಮ್ಮ, ನಿಮ್ಮನ್ನ ನೀರಿಗೆ ಹಾಕಿ ನಾಳೆ ಮಾಸ್ತರಿಗೆ ನಾನು ಎಂತ ಹೇಳ್ಲಿ?’ ಅಂದ. ಅವನು ಹೇಳಿದ್ದು ಸರಿಯಾಗೇ ಇತ್ತು. ನನಗೆ ಆಗ ಸರಿ ಅನ್ನಿಸ್ಲಿಲ್ಲ. ಇಲ್ಲೇ, ಈ ಕಟ್ಟೆ ಆಗ ಇರಲಿಲ್ಲ, ಇಲ್ಲೊಂದು ಮರದ ದಿಮ್ಮಿ ಬಿದ್ದಿತ್ತು, ಅದರ ಮೇಲೆ ಕೂತೆ. ಆ ಕಡೆ ದಡದಲ್ಲಿ ಒಂದು ದೀಪ ಕಾಣ್ತಿತ್ತು. ಒಂದು ಸಲ ಕಾಣೋದು, ಒಂದು ಸಲ ಮಳೇಲಿ ಮುಚ್ಚಿಹೋಗೋದು. ಅದನ್ನೇ ನೋಡ್ತಾ ಕೂತಿದ್ದೆ.”

“ರಾತ್ರಿಯೆಲ್ಲಾನಾ?”

“ಎಲ್ಲಿ ಬಿಟ್ರು? ಒಬ್ಬಳು ಮೀನು ಮಾರೋ ಹೆಂಗಸು ಬಂದು ತಲೆ ಮೇಲೆ ಕೊಡೆ ಹಿಡಿದ್ಲು. ಪರಿಚಯ ಇಲ್ಲ, ಏನಿಲ್ಲ. ಕೈ ಹಿಡಿದು ಎಬ್ಬಿಸ್ಕೊಂಡು ಹೋದ್ಲು. ಗಂಜಿ ಕೊಟ್ಲು. ನಾನು ಉಣ್ಣಲಿಲ್ಲ. ಒಂದು ಬೆಲ್ಲದ ಚೂರು, ನೀರು ಕೊಟ್ಲು. ಅವಳ ಗಂಡನೂ ಸಮುದ್ರಕ್ಕೆ ಹೋದವನು ವಾಪಸ್ ಬಂದಿರಲಿಲ್ಲವಂತೆ. ‘ಮುಖ ಸಿಗಲಿಲ್ಲ ನನಗೂ’ ಅಂದ್ಲು, ಅಷ್ಟೇ. ನಾನು ಎದ್ದು ನೀರಿನ ಕಡೆ ಹೋದೇನು ಅಂತ ಬಾಗಿಲಿಗೆ ಅಡ್ಡ ಮಲಗಿದ್ಲು. ಬೆಳಗಾಗೋಕೆ ಮುಂಚೆ ಅವಳೇ ದೋಣಿಯವನನ್ನ ಎಬ್ಬಿಸ್ಕೊಂಡು ಬಂದ್ಲು.”

ನನಗೆ ಬಾಗಿಲಲ್ಲಿ ನಿಂತ ಅಕ್ಕನ ಸೀರೆಯ ಕೆಸರು ನೆನಪಾಯಿತು. ಅದು ಎಲ್ಲಿಯ ಕೆಸರು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

“ಅವತ್ತೇ ಯಾಕೆ ಹೇಳ್ಲಿಲ್ಲ ಅಕ್ಕ ಇದನ್ನೆಲ್ಲ?”

“ಹೇಳಿದ್ನಲ್ಲ, ದೋಣಿ ತಪ್ಪಿತು ಅಂತ.”

ಅವಳು ಮೊನೆಯಿಟ್ಟು ಹೇಳಿದ ಮಾತಲ್ಲ ಅದು. ನಿಜವಾಗಿಯೂ ಹೇಳಿದ್ದೇನೆ ಎಂದೇ ಅವಳ ಲೆಕ್ಕ. ಈ ದಡದವರಿಗೆ ಆ ಎರಡು ಪದ ಸಾಕು, ಕೇಳಿದವರು ಚಾಪೆ ಹಾಸುತ್ತಾರೆ. ನಮಗೆ ಸಾಕಾಗಲಿಲ್ಲ.

“ಅಕ್ಕ, ಅವತ್ತು ಬಾಗಿಲಲ್ಲಿ ನಾನು ಒಂದು ಮಾತು...” ಎಂದು ಶುರುಮಾಡಿದೆ. ಆಷ್ಟರಲ್ಲಿ ಮೀನುಬುಟ್ಟಿ ಸೊಂಟಕ್ಕಿಟ್ಟುಕೊಂಡ ಒಬ್ಬ ಹೆಂಗಸು, ಐವತ್ತರ ಆಸುಪಾಸಿನವಳು, ದೂರದಿಂದಲೇ “ಮಾಸ್ತರ ಮನೆ ಅಮ್ಮ ಬಂದೀರಿ!” ಎಂದು ಕೂಗುತ್ತಾ ಬಂದಳು. ಅಕ್ಕ ಎದ್ದು ಬಟ್ಟೆಚೀಲವನ್ನು ಅವಳ ಕೈಗಿಟ್ಟಳು. “ಊರಿಂದ ತಂಗಿ ತಂದಿದ್ದು, ಹೊಸ ಹಿಟ್ಟು” ಎಂದಳು. ನಾನು ಹೊತ್ತು ತಂದಿದ್ದ ರಾಗಿ ಹಿಟ್ಟು! ಅವಳು ಕೊಡೆ ಹಿಡಿದವಳ ಸೊಸೆ. ಅತ್ತೆ ಹೋಗಿ ಹತ್ತು ವರ್ಷವಾಯಿತಂತೆ. ಮುದ್ದೆ ಅವರಿಗೂ ಹಿಡಿಸಲಿಲ್ಲ, ಆದರೆ ರಾಗಿ ಅಂಬಲಿ ಮಾತ್ರ ಮನೆಮಂದಿಗೆಲ್ಲ ಬೇಕಂತೆ, ಬಿಸಿಲಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗುವವರಿಗೆ ಹೊಟ್ಟೆ ತಣ್ಣಗಿರುತ್ತದೆ ಎಂದಳು. ನಮ್ಮ ಅತ್ತಿಗೆ ಗೊಣಗುತ್ತಾ ಅಳೆದು ಕೊಟ್ಟ ಹತ್ತು ಸೇರಿನಲ್ಲಿ ಅರ್ಧ ಪ್ರತಿವರ್ಷ ಇಲ್ಲೇ ಇಳಿಯುತ್ತಿತ್ತು.

ಒಂದು ವಿಷಯ ಗಮನಿಸಿದೆ. ಅಕ್ಕ ನನ್ನ ಜೊತೆ ಆಡುವಾಗ ‘ಕಣೆ’, ‘ಹಂಗೆ’ ಎಂದು ಅಪ್ಪಟ ಹೊಸಹೊಳಲಿನವಳು. ಆ ಹೆಂಗಸಿನ ಕಡೆ ತಿರುಗಿದರೆ ಸಾಕು, ‘ಎಂತ’, ‘ಮಾರಾಯ್ತಿ’, ‘ಬರ್ತದೆ’. ಐವತ್ತು ವರ್ಷ ಅವಳು ಹೀಗೆ ಈ ದಡ ಆ ದಡ ಎರಡನ್ನೂ ಬಾಯಲ್ಲಿ ಇಟ್ಟುಕೊಂಡಿದ್ದಾಳೆ.

ದೋಣಿ ಬಂತು. ಬೈಕುಗಳು ಇಳಿದವು, ಶಾಲೆ ಬಿಟ್ಟ ಮಕ್ಕಳು ಇಳಿದರು, ಒಂದು ಬಾಳೆಗೊನೆ ಇಳಿಯಿತು. ನಾನು ಮತ್ತೆ, “ಅಕ್ಕ, ನಾನು ಅವತ್ತು...” ಎಂದೆ.

“ಏಳೇ, ಜಾಗ ಸಿಗಲ್ಲ ಆಮೇಲೆ. ಸೆರಗು ಸಿಕ್ಕಿಸ್ಕೋ, ಗಾಳಿ ಇರುತ್ತೆ. ನಡುಮಧ್ಯ ಕೂತ್ಕೋ, ಅಂಚಿಗೆ ಬೇಡ” ಎಂದು ನನ್ನನ್ನು ತಳ್ಳಿಯೇಬಿಟ್ಟಳು. ಎಪ್ಪತ್ತು ದಾಟಿದ ಅಕ್ಕನಿಗೆ ಅರವತ್ತು ದಾಟಿದ ತಂಗಿ ಇನ್ನೂ ಚಿಕ್ಕವಳೇ.

ದೋಣಿ ಹೊರಟಿತು. ಯಂತ್ರದ ಸದ್ದು, ಡೀಸಲಿನ ವಾಸನೆ. ಪಕ್ಕದಲ್ಲಿ ಕೂತ ಹುಡುಗಿ ಫೋನು ನೋಡುತ್ತಿದ್ದಳು, ನೀರಿನ ಕಡೆ ಕಣ್ಣೆತ್ತಲೂ ಇಲ್ಲ. ಅವಳಿಗೆ ದಿನದ ಓಡಾಟ. ನಡುಹೊಳೆಯಲ್ಲಿ ಬಲಕ್ಕೆ ನೋಡಿದರೆ ಬರೀ ಸಮುದ್ರ. ಎದೆ ಒಂದು ಸಲ ಝಲ್ಲೆಂದಿತು. ಇಷ್ಟು ಶಾಂತವಾದ ದಿನದಲ್ಲೇ ಅಲ್ಲಿ ದೋಣಿ ಒಂದೆರಡು ಸಲ ಎತ್ತಿ ಹಾಕಿದಂತಾಯಿತು. ಗಡಿಯಾರ ನೋಡಿಕೊಂಡಿದ್ದೆ. ಆಚೆ ದಡ ಮುಟ್ಟಿದಾಗ ಮತ್ತೆ ನೋಡಿದೆ. ಹತ್ತು ನಿಮಿಷ.

ಅಘನಾಶಿನಿಯಲ್ಲಿ ಬಸ್ಸು ನಿಂತೇ ಇತ್ತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟ. 2023ರ ಜೂನಿನಿಂದ ನಮಗೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಲ್ಲವೇ. ಕಿಟಕಿ ಪಕ್ಕ ಕೂತು ಹೊಳೆಯ ಕಡೆ ನೋಡಿದೆ. ತದಡಿಯ ಹಂಚಿನ ಮನೆಗಳು ಬೆಂಕಿಪೆಟ್ಟಿಗೆಯಷ್ಟಾಗಿದ್ದವು. ಕಟ್ಟೆಯ ಮೇಲೆ ಅಕ್ಕ ಕಾಣಲಿಲ್ಲ.

ಬಸ್ಸು ಹೊರಟ ಮೇಲೆ ಫೋನು ಬಂತು.

“ಬಸ್ಸು ಸಿಕ್ತಾ?”

“ಸಿಕ್ತು. ನೀನು ಮನೆ ಸೇರಿದ್ಯಾ?”

“ಎಲ್ಲಿ, ಇವಳು ಬಿಟ್ರೆ ತಾನೆ? ಅವಳ ಮನೇಲೇ ಕೂತಿದೀನಿ. ಒಲೆ ಹಚ್ಚಿದಾಳೆ. ನೀನು ತಂದ ಹಿಟ್ಟಲ್ಲಿ ಅಂಬಲಿ ಕಾಯಿಸ್ತಾ ಇದಾಳೆ, ಉಪ್ಪು ಜಾಸ್ತಿ ಹಾಕ್ಬೇಡ ಅಂತ ಹೇಳ್ತಾ ಇದೀನಿ.”